ನಿದ್ದೆ ಬಾರದ ಗೆಳೆಯನಿಗೆ, ಕಾಸರಗೋಡಿನ ಬದಿಯಡ್ಕದಿಂದ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಎರಡು ಗಂಟೆಗೆ ನೀನು ಕಳಿಸಿದ ಮೆಸೇಜು ನಾನು ನೋಡಿದ್ದು ಬೆಳಿಗ್ಗೆ. "ನಿದ್ದೆ ಇಲ್ಲ, ಯಾವುದಕ್ಕೂ ಮನಸ್ಸಿಲ್ಲ" ಅಂತ ಬರೆದಿದ್ದೆ. ಫೋನಿನಲ್ಲಿ ಹೇಳಿದರೆ ಮಾತು ತಪ್ಪಿಸುತ್ತೀಯ, ಅದಕ್ಕೇ ಈ ಪತ್ರ. ನಿನ್ನ ಹಾಗೆ ಒದ್ದಾಡುವವರು ಬೇರೆಯವರೂ ಇರಬಹುದು ಅಂತ, ಹೆಸರು ಹಾಕದೆ ಇಲ್ಲೂ ಹಂಚಿಕೊಳ್ಳುತ್ತಿದ್ದೇನೆ. ಬೇಜಾರು ಮಾಡ್ಕೋಬೇಡ.

ಅಪ್ಪ ತೀರಿಹೋದ ವರ್ಷ ನನಗೂ ಹೀಗೇ ಆಗಿತ್ತು. ಆ ಮಳೆಗಾಲ ಬಿಡದೆ ಹೊಯ್ದು, ಎರಡನೇ ಸಲ ಅಡಿಕೆಗೆ ಬೋರ್ಡೋ ಮದ್ದು ಬಿಡಲಿಕ್ಕೆ ಬಿಸಿಲೇ ಸಿಗದೆ, ಕೊಳೆರೋಗ ಬಂದು ಎಳೆ ಅಡಿಕೆಯೆಲ್ಲ ಮರದ ಬುಡಕ್ಕೆ ಉದುರಿತು. ಮಳೆ ನಿಂತು ಡಿಸೆಂಬರ್ ಬಂದರೂ ನಾನು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅಮ್ಮ ಬುದ್ಧಿ ಹೇಳಲಿಲ್ಲ. "ನಾಳೆಯಿಂದ ಸುರಂಗದ ನೀರು ನೀನೇ ನೋಡ್ಕೋ, ಈ ಗಂಟುನೋವಲ್ಲಿ ನನಗೆ ಗುಡ್ಡೆ ಹತ್ತಲಿಕ್ಕೆ ಆಗುವುದಿಲ್ಲ" ಅಂದರು, ಅಷ್ಟೆ.

ನಮ್ಮ ಸುರಂಗ ನಿನಗೆ ನೆನಪಿದೆಯಲ್ಲ? ಅಜ್ಜನ ಕಾಲದಲ್ಲಿ ನೀರಿಗಾಗಿ ಗುಡ್ಡೆಯ ಕೆಂಪು ಮುರಕಲ್ಲಿಗೆ ಅಡ್ಡಕ್ಕೆ ಕೊರೆದದ್ದು, ಒಬ್ಬ ಬಗ್ಗಿ ಹೋಗುವಷ್ಟೇ ಜಾಗ. ಒಳಗೆ ತಂಪು. ಕಾಲಡಿಯಲ್ಲಿ ನೀರಿನ ಸಣ್ಣ ಗೆರೆ, ಗೋಡೆಯಿಂದ ಹನಿ ಬೀಳುವ ಸದ್ದು. ಮಣ್ಣಿನ ಕಟ್ಟ ಸರಿಮಾಡಬೇಕು, ಪೈಪಿನ ಬಾಯಿಗೆ ಸಿಕ್ಕಿಕೊಂಡ ಬೇರು, ಕಸ ತೆಗೆಯಬೇಕು. ಹತ್ತು ನಿಮಿಷದ ಕೆಲಸ. ಮೊದಲ ವಾರ ಗೊಣಗುತ್ತಲೇ ಹೋದೆ. ಮೂರನೇ ವಾರ ಇರಬೇಕು, ಬಿಸಿಲಲ್ಲಿ ಇಳಿದು ಬರುವಾಗ ಹಸಿವಾಗುತ್ತಿದೆ ಅಂತ ಗೊತ್ತಾಯಿತು. ಎಷ್ಟೋ ತಿಂಗಳ ಮೇಲೆ ಹಸಿವು, ಮಾರಾಯ! ಕುಚ್ಚಿಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಎರಡು ಬಟ್ಟಲು ಉಂಡೆ. ಅಮ್ಮ ಏನೂ ಹೇಳದೆ ಮತ್ತೆ ಬಡಿಸಿದರು.

ದಿನಾ ಒಂದೇ ಹೊತ್ತಿಗೆ ಎದ್ದದ್ದು, ಎದ್ದ ಕೂಡಲೇ ಬೆಳಕಿಗೆ ಹೋದದ್ದು, ಇವೆರಡೇ ನನ್ನನ್ನು ಎತ್ತಿದ್ದು ಅಂತ ಈಗ ಅನಿಸುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ದಾರಿಗೆ ಬರುತ್ತದೆ, ರಾತ್ರಿ ನಿದ್ದೆಯೂ ಹೊತ್ತಿಗೆ ಬರುತ್ತದೆ. ನೀನು ಮಾಡುತ್ತಿರುವುದು ಉಲ್ಟಾ. ಹತ್ತಕ್ಕೆ ಏಳುವುದು, ಪರದೆ ಸರಿಸದ ರೂಮಿನಲ್ಲೇ ಲ್ಯಾಪ್‌ಟಾಪ್ ತೆರೆಯುವುದು, ಸಂಜೆ ಆರಕ್ಕೆ ಸ್ಟ್ರಾಂಗ್ ಕಾಫಿ. ಕುಡಿದು ಐದು ಗಂಟೆ ಕಳೆದರೂ ಅದರ ಕೆಫೀನಿನ ಹತ್ತಿರ ಹತ್ತಿರ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಮಧ್ಯಾಹ್ನದ ಮೇಲೆ ಕಾಫಿ ಬೇಡ.

ಒಮ್ಮೆಲೇ ಎಲ್ಲ ಹಿಡಿಯಬೇಡ, ಜಿಮ್ಮಿಗೆ ದುಡ್ಡು ಕಟ್ಟುವುದೂ ಬೇಡ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ದಿನಕ್ಕೆ ಇಪ್ಪತ್ತು ಚಿಲ್ಲರೆ ನಿಮಿಷ. ನಿನ್ನಿಂದ ಹತ್ತಾದರೆ ಹತ್ತು. ಒಂದು ದಿನ ತಪ್ಪಿದರೆ ತಪ್ಪಲಿ, ಮಾರನೇ ದಿನ ಹೋಗು.

ನನಗಿಲ್ಲಿ ಹಾಲಿನ ಸೊಸೈಟಿಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ, ದಿನಕ್ಕೆ ಮೂರು ಭಾಷೆಯಲ್ಲಿ ಹೇಗಿದ್ದೀ ಅಂತ ಕೇಳುವವರಿದ್ದಾರೆ. ಬೆಂಗಳೂರಿನ ಆ ರೂಮಿನಲ್ಲಿ ನಿನಗೆ ಅದಿಲ್ಲ. ನನಗೆ ಜಾಸ್ತಿ ಚಿಂತೆ ಅದೇ. ಎರಡು ವಾರವಾದರೂ ಮನಸ್ಸು ಹೀಗೇ ಭಾರವಾಗಿದ್ದರೆ ಸುಮ್ನೆ ಕೂರಬೇಡ, ಡಾಕ್ಟರ ಹತ್ತಿರ ಹೋಗು. ನಡುರಾತ್ರಿ ತಡೆಯಲಿಕ್ಕೇ ಆಗದಿದ್ದರೆ 14416ಕ್ಕೆ ಫೋನ್ ಮಾಡು. ಸರಕಾರದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನಗೂ ಮಾಡು, ಎಷ್ಟು ಹೊತ್ತಾದರೂ ಸರಿ.

ನಾಳೆಯಿಂದ ಬೆಳಿಗ್ಗೆ ಏಳಕ್ಕೆ ನಾನೇ ಫೋನ್ ಮಾಡುತ್ತೇನೆ. ಸುರಂಗದೊಳಗೆ ಸಿಗ್ನಲ್ ಇಲ್ಲ, ಅಲ್ಲಿನ ಕೆಲಸ ಮುಗಿಸಿ ಹೊರಗೆ ಬಂದ ಕೂಡಲೇ ಮಾಡುತ್ತೇನೆ. ನೀನು ಚಪ್ಪಲಿ ಹಾಕಿ ರಸ್ತೆಗೆ ಇಳಿದು ಎತ್ತು. ನೀನು ಅಲ್ಲಿ ನಡಿ, ನಾನು ತೋಟದಲ್ಲಿ ನಡೆಯುತ್ತೇನೆ. ಮಾತಾಡಲಿಕ್ಕೆ ಏನೂ ಇಲ್ಲದಿದ್ದರೂ ಹತ್ತು ನಿಮಿಷ ಫೋನ್ ಇಡಬೇಡ.

ನಿನ್ನವ