ಮಳೆಗಾಲಕ್ಕೆ ಮುನ್ನ ಡೇಟಾಬೇಸ್ ತಯಾರಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಕಚೇರಿಯ ಡೇಟಾಬೇಸ್ ಕೈಕೊಟ್ಟಾಗ ಬಳಸಲು ಬದಲಿ ವ್ಯವಸ್ಥೆ ನಿರ್ಧರಿಸಲು ಶನಿವಾರ ಬೆಳಿಗ್ಗೆ 11ಕ್ಕೆ ಸೇರೋಣ.

ಪಕ್ಕದ ಕೋಣೆಯಲ್ಲಿ ಎರಡನೇ ಸರ್ವರ್ ಇದೆಯಲ್ಲ ಎಂದು ಕೆಲವರು ಕೇಳಿದ್ದೀರಿ. ಇದೆ, ಆದರೆ ಅದು ಒಂದು ಯಂತ್ರ ಕೆಟ್ಟಾಗ ಕೆಲಸ ನಿಲ್ಲದಿರಲು ಮಾತ್ರ. 2018ರ ಆಗಸ್ಟ್‌ನಂತೆ ಗುಡ್ಡ ಕುಸಿದು ರಸ್ತೆ, ವಿದ್ಯುತ್ ಎರಡೂ ಹೋದರೆ ಎರಡೂ ಸರ್ವರ್‌ಗಳು ಒಂದೇ ಜನರೇಟರ್ ನಂಬಿ ಕೂರುತ್ತವೆ. ಮೂರನೆಯ ಪ್ರತಿ ಜಿಲ್ಲೆಯ ಹೊರಗೆ, ಮೈಸೂರಿನಲ್ಲಿರಲಿ. ಕುಶಾಲನಗರ ಸಾಕು ಎನ್ನುವವರು ಅಲ್ಲಿನ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದನ್ನು ಮರೆತಿದ್ದೀರಿ.

ಪಕ್ಕದ ಸರ್ವರ್‌ಗೆ ಸಿಂಕ್ರೊನಸ್ ನಕಲು: ಎರಡೂ ಕಡೆ ಬರೆದ ಮೇಲಷ್ಟೇ ವಹಿವಾಟು ಮುಗಿದಂತೆ. ಮೈಸೂರಿಗೂ ಹೀಗೆಯೇ ಮಾಡಿದರೆ ಮಳೆಗೆ ಲೈನ್ ಹೋದಾಗಲೆಲ್ಲ ಕೌಂಟರ್ ಸ್ತಬ್ಧವಾಗುತ್ತದೆ. ಅಲ್ಲಿಗೆ ಅಸಿಂಕ್ರೊನಸ್ ಸಾಕು: ಇಲ್ಲಿ ಬರೆದು ಮುಗಿಸಿ, ಅಲ್ಲಿಗೆ ಆಮೇಲೆ ಕಳಿಸುವುದು. ಅವಘಡವಾದರೆ ಇನ್ನೂ ತಲುಪದ ಕೊನೆಯ ದಾಖಲೆಗಳು ಹೋಗುತ್ತವೆ. ಎಷ್ಟು ನಿಮಿಷದ ದಾಖಲೆ ಹೋದರೆ ತಡೆದುಕೊಳ್ಳಬಹುದು, ಎಷ್ಟು ಗಂಟೆಯೊಳಗೆ ಮತ್ತೆ ಕೆಲಸ ಶುರುವಾಗಬೇಕು ಎಂಬುದನ್ನು ಲೆಕ್ಕಪತ್ರ ವಿಭಾಗದವರೇ ಬರೆದು ತರಬೇಕು. ‘ಒಂದು ಕ್ಷಣವೂ ನಿಲ್ಲಬಾರದು’ ಎಂದು ಮಾತ್ರ ಬರೆಯಬೇಡಿ, ಅದರ ಖರ್ಚಿಗೆ ಸಹಿ ಹಾಕುವವರು ಯಾರೂ ಇಲ್ಲ.

ಇನ್ನೊಂದು ವಿಷಯ. ನಕಲು ಎಂದರೆ ಬ್ಯಾಕಪ್ ಅಲ್ಲ. ಯಾರಾದರೂ ತಪ್ಪಿ ಒಂದು ಟೇಬಲ್ ಅಳಿಸಿದರೆ ಮೈಸೂರಿನಲ್ಲೂ ಅದು ಅಳಿಸಿಹೋಗುತ್ತದೆ. ಹಾಗಾಗಿ ರಾತ್ರಿಯ ಬ್ಯಾಕಪ್ ಮತ್ತು ಲಾಗ್ ಫೈಲುಗಳನ್ನು (ಪ್ರತಿ ಬದಲಾವಣೆ ದಾಖಲಾಗುವ ಕಡತಗಳು) ಪ್ರತ್ಯೇಕವಾಗಿ ಇಡಬೇಕು. ಶನಿವಾರ ಆ ಬ್ಯಾಕಪ್ ಅನ್ನು ಖಾಲಿ ಯಂತ್ರವೊಂದಕ್ಕೆ ಮರಳಿ ಹಾಕಿ, ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡೋಣ.

ವಿರಾಜಪೇಟೆ, ಸೋಮವಾರಪೇಟೆ ಶಾಖೆಯವರು ತಮ್ಮ ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಶುಕ್ರವಾರ ಸಂಜೆಯೊಳಗೆ ಇಲ್ಲಿ ತಿಳಿಸಿ.