ಬರೆದುಕೊಟ್ಟ ಟೆಸ್ಟ್ ಬಿಟ್ಟು ಬೇರೆ ಟೆಸ್ಟ್ ಮಾಡಿದ ಬಗ್ಗೆ ದೂರು

ಇಂದ: ಮಗುವಿನ ತಂದೆ, ಯಾದಗಿರಿ
ಗೆ: ವ್ಯವಸ್ಥಾಪಕರು, ರಕ್ತ ಪರೀಕ್ಷಾ ಲ್ಯಾಬ್, ಕಲಬುರಗಿ ಶಾಖೆ

ವಿಷಯ: ತಪ್ಪು ಟೆಸ್ಟ್ ಮತ್ತು ರಿಪೋರ್ಟಿನಲ್ಲಿ ನಮ್ಮ ಮದುವೆ ಬಗ್ಗೆ ಬರೆದ ಷರಾ

ಮಾನ್ಯರೇ,

ಜನವರಿಯಲ್ಲಿ ನಮ್ಮ ಎರಡು ತಿಂಗಳ ಮಗಳ ರಕ್ತ ಕೊಡಲು ಯಾದಗಿರಿಯಿಂದ ಬೆಳಗಿನ ರೈಲಿಗೆ ಬಂದಿದ್ದೆವು. ಮಗುವಿನ ಮೈ ಪೂರ್ತಿ ಸಡಿಲ. ಎದೆಹಾಲು ಚೀಪಲು ಶಕ್ತಿ ಇಲ್ಲದೆ ಒಳಲೆಯಲ್ಲಿ ಕುಡಿಸುತ್ತಿದ್ದೆವು. ಪ್ರಾಡರ್-ವಿಲ್ಲಿ ಸಿಂಡ್ರೋಮ್ ಎಂಬ, ಹುಟ್ಟಿನಿಂದಲೇ ಇರುವ ಜೀನ್ ಸಂಬಂಧದ ಕಾಯಿಲೆ ಇರಬಹುದು ಎಂದು ಮಕ್ಕಳ ಡಾಕ್ಟರು ಚೀಟಿಯಲ್ಲಿ ‘ಕ್ರೋಮೋಸೋಮ್ 15, ಮೆಥಿಲೇಶನ್ ಟೆಸ್ಟ್’ ಅಂತ ಬರೆದಿದ್ದರು. ಜೀನ್‌ಗಳು ಕೆಲಸ ಮಾಡುತ್ತಿವೆಯೋ ಸುಮ್ಮನಿವೆಯೋ ಅಂತ ತೋರಿಸುವ ಡಿಎನ್‌ಎ ಟೆಸ್ಟ್ ಅದು. ನಿಮ್ಮ ಕೌಂಟರಿನವರು “ಕ್ರೋಮೋಸೋಮ್ ಟೆಸ್ಟ್ ಅಂದ್ರೆ ಇದೇ ರೀ” ಅಂತ ಜೀನ್ ಹೊತ್ತ ಕ್ರೋಮೋಸೋಮುಗಳ ಎಣಿಕೆ, ಆಕಾರ ಮಾತ್ರ ನೋಡುವ ಕ್ಯಾರಿಯೋಟೈಪಿಂಗ್‌ಗೆ 3,800 ರೂಪಾಯಿ ಬಿಲ್ ಹಾಕಿದರು. ನರ ಸಿಗದೆ ಮೂರು ಕಡೆ ಚುಚ್ಚಿದರು. ಮಗುವಿಗೆ ಜೋರಾಗಿ ಅಳಲೂ ಆಗಲಿಲ್ಲ. ರಕ್ತ ಹಾಕಿದ್ದು ಹಸಿರು ಮುಚ್ಚಳದ ಟ್ಯೂಬಿಗೆ. ಅದು ಜೀವಕೋಶ ಬೆಳೆಸಿ ನೋಡುವ ಟೆಸ್ಟಿನದು, ಡಿಎನ್‌ಎ ಟೆಸ್ಟಿಗೆ ಸಾಮಾನ್ಯವಾಗಿ ನೇರಳೆ ಮುಚ್ಚಳದ್ದು ಅಂತ ಆಮೇಲೆ ಗೊತ್ತಾಯಿತು.

ಮೂರು ವಾರಕ್ಕೆ ರಿಪೋರ್ಟ್ ಬಂತು: ‘46, ಎಕ್ಸ್‌ಎಕ್ಸ್, ನಾರ್ಮಲ್’. ಫೋನ್ ಮಾಡಿದರೆ ನಿಮ್ಮವರು “ಏನೂ ತೊಂದರೆ ಇಲ್ಲ, ಮಗು ತಾನಾಗೇ ಸರಿಹೋಗುತ್ತೆ” ಅಂದರು. ನಾವು ಓಣಿಗೆಲ್ಲ ಪೇಢೆ ಹಂಚಿದೆವು. ರಿಪೋರ್ಟನ್ನು ತಕ್ಷಣ ಡಾಕ್ಟರಿಗೆ ತೋರಿಸದೇ ಇದ್ದದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಆದರೆ ನಾರ್ಮಲ್ ಅಂತ ಅಚ್ಚಾಗಿ ಬಂದ ಮೇಲೆ ಯಾರು ಮತ್ತೆ ಓಡಾಡುತ್ತಾರೆ?

ಐದು ತಿಂಗಳಾದ ಮೇಲೆ ಹೋದಾಗ ಡಾಕ್ಟರು ರಿಪೋರ್ಟ್ ನೋಡಿ ತಲೆ ಚಚ್ಚಿಕೊಂಡರು. ಬೇರೆ ಕಡೆ ಮೆಥಿಲೇಶನ್ ಟೆಸ್ಟ್ ಮಾಡಿಸಿದೆವು. ಕಾಯಿಲೆ ಖಚಿತವಾಯಿತು. ನಮ್ಮಿಬ್ಬರ ರಕ್ತದ ಜೊತೆ ಹೋಲಿಸಿದಾಗ ಕಾರಣವೂ ಸಿಕ್ಕಿತು: ಯುನಿಪೇರೆಂಟಲ್ ಡೈಸೋಮಿ. 15ನೇ ಕ್ರೋಮೋಸೋಮ್ ತಾಯಿಯಿಂದ ಒಂದು, ತಂದೆಯಿಂದ ಒಂದು ಬರಬೇಕು. ನಮ್ಮ ಮಗಳಿಗೆ ಎರಡೂ ತಾಯಿಯದ್ದೇ. ಆ ಕ್ರೋಮೋಸೋಮಿನ ಕೆಲವು ಜೀನ್‌ಗಳು ತಂದೆಯ ಪ್ರತಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ, ತಾಯಿಯದರಲ್ಲಿ ಸುಮ್ಮನಿರುತ್ತವೆ. ಈ ಕಾಯಿಲೆಯ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಹೀಗೇ ಆಗಿರುತ್ತಂತೆ. ನಿಮ್ಮ ಟೆಸ್ಟಿನಲ್ಲಿ ಇದು ಕಾಣಲು ಸಾಧ್ಯವೇ ಇರಲಿಲ್ಲ. ಎಣಿಸಿದರೆ 46 ಸರಿಯೇ ಇದೆ, ಆಕಾರವೂ ಸರಿ. ಯಾವುದು ಯಾರ ಕಡೆಯಿಂದ ಬಂತು ಅಂತ ಮೈಕ್ರೋಸ್ಕೋಪಿನಲ್ಲಿ ಗೊತ್ತಾಗಲ್ಲ. ಬೆಳವಣಿಗೆ ಹಾರ್ಮೋನ್ ಚಿಕಿತ್ಸೆಯನ್ನು ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಅಂತಾರೆ. ನಾವು ಐದು ತಿಂಗಳು ಸುಮ್ನೆ ಕಳೆದೆವು.

ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟಿದ್ದು ರಿಪೋರ್ಟಿನ ಕೊನೆಯ ಸಾಲು: ‘ರಕ್ತಸಂಬಂಧದ ಮದುವೆ ಕಾರಣವಿರಬಹುದು’. ನಾರ್ಮಲ್ ಅಂದ ಮೇಲೆ ಯಾವುದಕ್ಕೆ ಕಾರಣ, ಸಾಹೇಬರೇ? ನನ್ನ ಹೆಂಡತಿ ನನ್ನ ಅಕ್ಕನ ಮಗಳು. ನಮ್ಮ ಕಡೆ ಇದು ಹೊಸದಲ್ಲ. ಸಂಬಂಧದಲ್ಲಿ ಮದುವೆಯಾದರೆ ಕೆಲವು ಕಾಯಿಲೆಗಳ ಅಪಾಯ ಹೆಚ್ಚು ಅನ್ನೋದು ನಿಜ, ನಾನು ವಾದ ಮಾಡಲ್ಲ. ಆದರೆ ಇದು ಅಂಥ ಕಾಯಿಲೆಯಲ್ಲ. ಅಂಡಾಣು ಆಗುವಾಗ 15ನೇದು ಎರಡು ಉಳಿದುಬಿಡುತ್ತೆ, ನನ್ನದು ಸೇರಿ ಮೂರಾಗುತ್ತೆ, ಆಮೇಲೆ ಭ್ರೂಣ ಒಂದನ್ನು ಬಿಡುವಾಗ ನನ್ನದೇ ಹೋಗುತ್ತೆ. ಹೆಚ್ಚಾಗಿ ಹೀಗೇ ಆಗುವುದಂತೆ. ಯಾರನ್ನು ಮದುವೆಯಾಗಿದ್ದರೂ ಆಗಬಹುದಿತ್ತು, ಮುಂದಿನ ಮಗುವಿಗೆ ಮತ್ತೆ ಹೀಗಾಗುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಮ್ಮಿ ಅಂತ ಡಾಕ್ಟರು ಹೇಳಿದರು. ಅಷ್ಟರಲ್ಲಿ ಆ ಸಾಲು ಓದಿಸಿಕೊಂಡ ನಮ್ಮ ಅಕ್ಕ, “ಮದುವಿ ಮಾಡ್ಸಿದಾಕಿ ನಾನೇ ಅಲ್ಲೇನು” ಅಂತ ಎರಡು ದಿನ ಊಟ ಬಿಟ್ಟಿದ್ದಳು.

3,800 ರೂಪಾಯಿ ವಾಪಸ್ ಕೊಡಿ. ಚೀಟಿಯಲ್ಲಿದ್ದ ಟೆಸ್ಟ್ ಮಾಡಿಲ್ಲ ಅಂತ ಬರೆದು, ಆ ಷರಾ ತೆಗೆದು, ತಿದ್ದಿದ ರಿಪೋರ್ಟ್ ಕೊಡಿ. ಅದನ್ನು ಅಕ್ಕನಿಗೆ ನಾನೇ ಓದಿ ಹೇಳುತ್ತೇನೆ. 15 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಡಾಕ್ಟರ ಚೀಟಿ, ಬಿಲ್, ಎರಡೂ ರಿಪೋರ್ಟುಗಳ ಜೆರಾಕ್ಸ್ ಲಗತ್ತಿಸಿದ್ದೇನೆ.

ಇಂತಿ,
ಮಗುವಿನ ತಂದೆ