ಕ್ಲಬ್ಬಿನ ಕೆಲಸಕ್ಕೆ ಸೇರುವ ಮುಂಚೆ

ತೀರ್ಥಹಳ್ಳಿ

ಪ್ರೀತಿಯ ಪುಟ್ಟೀ,

ಫುಟ್‌ಬಾಲ್ ಕ್ಲಬ್ಬಿನ ಆಫೀಸಿನಲ್ಲಿ ಕೆಲಸ ಸಿಕ್ಕಿದೆ, ಬ್ಯಾಂಕಿನದ್ದು ಬೇಡ ಅಂತ ನೀನು ಹೇಳಿದ್ದು ಅಪ್ಪನಿಗೆ ಇನ್ನೂ ಅರಗಿಲ್ಲ. ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿ, ಹಾಗಾಗಿ ಸದ್ಯ ಸುಮ್ಮನಿದ್ದಾರೆ. ನನಗೆ ಆಟದ ತಲೆಬುಡ ತಿಳಿಯದು. ಸೊಸೈಟಿಯಲ್ಲಿ ಲೆಕ್ಕ ಬರೆದೇ ತಲೆ ನರೆಸಿಕೊಂಡವಳು. ಆದರೆ "ಬೈಚುಂಗ್ ಭುಟಿಯಾ ಆಟದ ಜೊತೆಗೆ ಕ್ಲಬ್ಬೂ ಕಟ್ಟಲಿಲ್ವಾ ಅಮ್ಮಾ" ಅಂದೆಯಲ್ಲ, ಅದಕ್ಕೇ ಕೂತು ಭಾರತ ಫುಟ್‌ಬಾಲ್ ತಂಡದ ಆ ಹಳೆಯ ನಾಯಕನ ಕಥೆ ಓದಿದೆ. (ನನಗಿಂತ ಚಿಕ್ಕವನು, ಏಕವಚನಕ್ಕೆ ಬೇಜಾರು ಮಾಡ್ಕೋಬೇಡ.)

ಸಿಕ್ಕಿಂನ ತಿಂಕಿತಾಮ್ ಅನ್ನುವ ಗುಡ್ಡದ ಹಳ್ಳಿಯ ರೈತರ ಮನೆಯ ಹುಡುಗ. ಆಟದಿಂದಲೇ ವಿದ್ಯಾರ್ಥಿವೇತನ ಸಿಕ್ಕಿ ಗ್ಯಾಂಗ್ಟಕ್‌ಗೆ ಓದಲು ಹೋದ. 1993ರಲ್ಲಿ, 16ರ ವಯಸ್ಸಿಗೆ, ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದ. 1997ರ ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ ಅದೇ ಊರಿನ ಎದುರಾಳಿ ಕ್ಲಬ್ ಮೋಹನ್ ಬಾಗಾನ್ ಮೇಲೆ 3 ಗೋಲು ಹೊಡೆದಾಗ ಸಾಲ್ಟ್ ಲೇಕ್ ಮೈದಾನದಲ್ಲಿ 1.31 ಲಕ್ಷ ಜನರಿದ್ದರಂತೆ. ನಮ್ಮ ತಾಲ್ಲೂಕಿಗೆ ತಾಲ್ಲೂಕೇ ಒಂದು ಕಡೆ ಕೂತ ಹಾಗೆ! ಅವನು ನಾಯಕನಾಗಿದ್ದ ದೇಶದ ತಂಡ 2008ರಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಗೆದ್ದದ್ದರಿಂದಲೇ ಭಾರತ 27 ವರ್ಷಗಳ ನಂತರ, 2011ರ ಏಷ್ಯಾ ಕಪ್‌ನಲ್ಲಿ ಆಡಿತು. ಅದೇ ವರ್ಷ ದೇಶದ ತಂಡಕ್ಕೆ ವಿದಾಯ ಹೇಳಿದ.

ಇಷ್ಟೆಲ್ಲ ನಿನಗೆ ಬಾಯಿಪಾಠ ಇರಬಹುದು. ಓದುತ್ತಾ ನನ್ನ ಕಣ್ಣು ನಿಂತದ್ದು ಅವನು 1999ರಲ್ಲಿ ಸೇರಿದ ಇಂಗ್ಲೆಂಡಿನ ಬೆರಿ ಎಫ್‌ಸಿ ಮೇಲೆ. 1885ರಲ್ಲಿ ಹುಟ್ಟಿದ ಕ್ಲಬ್, ಅಲ್ಲಿನ ಹೆಸರಾಂತ ಎಫ್‌ಎ ಕಪ್ ಟೂರ್ನಿ ಎರಡು ಸಲ ಗೆದ್ದದ್ದು. 2019ರಲ್ಲಿ ಚೆನ್ನಾಗಿ ಆಡಿ ಮೇಲಿನ ದರ್ಜೆಗೆ ಬಡ್ತಿಯನ್ನೂ ಪಡೆದಿತ್ತು. ಆದರೆ ಸಾಲ ತೀರಿಸಲು ದುಡ್ಡಿದೆ ಅನ್ನುವುದಕ್ಕೆ ಪುರಾವೆ ತೋರಿಸಲಾಗದೆ ಅದೇ ಆಗಸ್ಟಿನಲ್ಲಿ ಲೀಗಿನಿಂದಲೇ ಹೊರಬಿತ್ತು. ಮೈದಾನದಲ್ಲಿ ಗೆದ್ದವರು ಖಾತೆ ಪುಸ್ತಕದಲ್ಲಿ ಸೋತರು. ನನಗಂತೂ ಹೊಟ್ಟೆ ಚುರುಕ್ ಅಂತು. ಅಲ್ಲಿ ಟಿಕೆಟ್ ಹರಿಯುವವರು, ಹುಲ್ಲು ಕತ್ತರಿಸುವವರು, ಲೆಕ್ಕ ಬರೆಯುವವರೂ ಇರುತ್ತಾರಲ್ಲ, ಅವರ ಗತಿ?

ಇನ್ನು ಭುಟಿಯಾನದೇ ಯುನೈಟೆಡ್ ಸಿಕ್ಕಿಂ. ಅವನೂ ಒಬ್ಬ ಮಾಲೀಕನಾಗಿದ್ದ. 2012ರಲ್ಲಿ ಆಗಿನ ಮೇಲಿನ ದರ್ಜೆಯಾದ ಐ-ಲೀಗ್‌ಗೆ ಏರಿದ ಕ್ಲಬ್ ಮರುವರ್ಷವೇ ಕೆಳಗಿಳಿಯಿತು, ಹಣದ ತೊಂದರೆಯೂ ಜೊತೆಗಿತ್ತು. ಅಷ್ಟು ದೊಡ್ಡ ಹೆಸರಿದ್ದವನ ಕೈಯಲ್ಲೂ ಕ್ಲಬ್ ನಿಲ್ಲಲಿಲ್ಲ ನೋಡು. 2010ರಲ್ಲಿ ಅವನ ಹೆಸರಿನಲ್ಲಿ ದೆಹಲಿಯಲ್ಲಿ ಶುರುವಾದ ಫುಟ್‌ಬಾಲ್ ಶಾಲೆ ಮಾತ್ರ ಊರೂರಿಗೆ ಹಬ್ಬಿದೆ. ಆ ವ್ಯವಹಾರ ನನಗೆ ಅರ್ಥವಾಗುತ್ತದೆ: ಅಪ್ಪ-ಅಮ್ಮ ಮಕ್ಕಳ ಫೀಸು ಕಟ್ಟುತ್ತಾರೆ, ಅದರಲ್ಲಿ ಕೋಚ್ ಸಂಬಳ, ಮೈದಾನದ ಬಾಡಿಗೆ ಕಳೆಯಬೇಕು. ಕ್ಲಬ್ಬಿನದ್ದು ಹಾಗಲ್ಲ. ಟಿಕೆಟ್ಟಿನ ದುಡ್ಡು ಯಾವ ಮೂಲೆಗೂ ಸಾಲದು. ಪ್ರಾಯೋಜಕರು, ಟಿವಿಯವರು, ಮಾಲೀಕರು ಕೈಬಿಟ್ಟರೆ ಮುಗಿಯಿತು.

ಇದೆಲ್ಲ ಇಂಗ್ಲೆಂಡ್, ಸಿಕ್ಕಿಂ ಕಥೆ ಅಂದುಕೊಳ್ಳಬೇಡ. ದೇಶದ ಮೇಲಿನ ದರ್ಜೆಯ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಸುತ್ತಿದ್ದ ಕಂಪನಿಗೂ ಫುಟ್‌ಬಾಲ್ ಫೆಡರೇಷನ್ನಿಗೂ ಇದ್ದ ಒಪ್ಪಂದದ ಅವಧಿ 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನು ಅಂತ ತೀರ್ಮಾನವಾಗದೆ ಟೂರ್ನಿಯೇ ನಿಂತಾಗ, ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಕೂಡ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿದಿತ್ತು. ಅದೂ ದೊಡ್ಡ ಕಂಪನಿಯ ಬೆನ್ನಿರುವ ಕ್ಲಬ್!

ಸೇರಬೇಡ ಅನ್ನುತ್ತಿಲ್ಲ. ಭಾನುವಾರ ಬೆಳಿಗ್ಗೆ ಎಬ್ಬಿಸಿದರೆ ಏಳದ ನೀನು ಮ್ಯಾಚ್ ಇದೆ ಅಂದರೆ ಐದಕ್ಕೇ ಶೂ ಹುಡುಕುತ್ತಿದ್ದವಳು, ಬ್ಯಾಂಕಿನ ಕೌಂಟರಿನಲ್ಲಿ ಎಷ್ಟು ದಿನ ಕೂತೀಯ? ಆದರೆ ಸಹಿ ಹಾಕುವ ಮುಂಚೆ ಕೇಳು. ಪ್ರಾಯೋಜಕರ ಒಪ್ಪಂದ ಎಷ್ಟು ವರ್ಷದ್ದು? ಹೋದ ವರ್ಷ ಸಂಬಳ ಯಾವ ತಾರೀಖಿಗೆ ಬಂತು? ಇದನ್ನು ಮ್ಯಾನೇಜರನ್ನಲ್ಲ, ಅಲ್ಲೇ ಕೆಲಸ ಮಾಡುವ ನಿನ್ನ ಓರಗೆಯವರನ್ನು ಕ್ಯಾಂಟೀನಿನಲ್ಲಿ ಕೇಳು. ಪಿಎಫ್ ಕಟ್ಟುತ್ತಾರಾ, ಟೂರ್ನಿ ಇಲ್ಲದ ತಿಂಗಳಲ್ಲೂ ಸಂಬಳ ಉಂಟಾ ಅನ್ನುವುದು ಕಾಗದದ ಮೇಲೆ ಇರಲಿ. ಕೇಳಿದರೆ ಮುಖ ಸಿಂಡರಿಸುವ ಕಡೆ ಕೆಲಸ ಬೇಡ. ಆರು ತಿಂಗಳ ಖರ್ಚಿಗಾಗುವಷ್ಟು ದುಡ್ಡು ಬೇರೆ ಖಾತೆಯಲ್ಲಿಡು, ಅದನ್ನು ಸ್ಕೂಟರಿಗೆ ಅಂತ ತೆಗೆಯಬೇಡ.

ಅಪ್ಪನನ್ನು ನನಗೆ ಬಿಡು. ಸೋಮವಾರದೊಳಗೆ ಉತ್ತರ ಕೊಡಬೇಕು ಅಂದೆಯಲ್ಲ, ಅವರು ಕೊಟ್ಟ ಕಾಗದದ ಅಷ್ಟೂ ಪುಟಗಳ ಫೋಟೋ ತೆಗೆದು ವಾಟ್ಸಾಪ್ ಮಾಡು. ಕರೆಂಟಿದ್ದರೆ ರಾತ್ರಿಯೇ ಓದಿ ಹೇಳುತ್ತೇನೆ.

ಇಂತಿ ನಿನ್ನ
ಅಮ್ಮ